ಗಡಿ ದಾಟಿದ ಮುಖ

ಸಾಗರದಲ್ಲಿ ನನ್ನ ಟೈಲರ್ ಅಂಗಡಿಗೂ ಗುಡಿಗಾರ ಕನ್ನಪ್ಪನ ಕೆತ್ತನೆಯ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವನ ಉಳಿಯ ಸದ್ದು ನನಗೆ, ನನ್ನ ಮಿಷನ್ನಿನ ಸದ್ದು ಅವನಿಗೆ. ಮನುಷ್ಯ ಒಳ್ಳೆಯವನು, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಹೆಂಡತಿ ಜಲಜಮ್ಮ ಮಂಗನ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಮಗಳು ಕುಮುದಾ ಒಬ್ಬಳೇ. ಅವಳು ಬೆಂಡಿನ ಬಾಸಿಂಗ ಮಾಡುತ್ತಾಳೆ, ಅಪ್ಪನಿಗೆ ಬೈಯುತ್ತಾಳೆ, ಅನ್ನ ಹಾಕುತ್ತಾಳೆ.

ಕನ್ನಪ್ಪ ಆನೆ, ಗಣಪತಿ ಎಲ್ಲ ಕೆತ್ತುತ್ತಾನೆ. ವರ್ಷಕ್ಕೊಂದು ಮಾರಿಗೊಂಬೆಯನ್ನೂ ಕೆತ್ತುತ್ತಾನೆ. ಅದು ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಬೇಸಿಗೆಯ ಜ್ವರ ಅದರ ಜೊತೆಗೇ ಹೋಗಲಿ ಎಂದು ನಮ್ಮ ಕೇರಿಯವರು ಅದನ್ನು ಹೊತ್ತು ಊರಗಡಿಯಲ್ಲಿ ಇಟ್ಟು ಬರುತ್ತಾರೆ. ಆಚೆ ಊರಿನವರು ತಮ್ಮ ಗಡಿ ದಾಟಿಸುತ್ತಾರೆ. ಹೀಗೆ ಊರಿಂದ ಊರಿಗೆ ಹೊಸನಗರ ಹಾದು, ಮಂಡಗದ್ದೆಯ ಹತ್ತಿರ ತುಂಗೆಯ ದಡ ಸೇರುತ್ತದೆ. ದಾಟಿದ್ದನ್ನು ಹಿಂದಕ್ಕೆ ತರುವಂತಿಲ್ಲ.

ಕೆತ್ತಿದವನಿಗೆ ಇನ್ನೊಂದು ಕಟ್ಟು ಇದೆ. ಕಣ್ಣು ಬಿಡಿಸಿದ ಮೇಲೆ ಅವನು ಆ ಮುಖ ನೋಡಬಾರದು. ನೋಡಿದರೆ ಯಾರದಾದರೂ ಹೋಲಿಕೆ ಕಂಡೀತು; ಯಾರ ಹೋಲಿಕೆ ಇದೆಯೋ ಅವರೂ ಜ್ವರದ ಜೊತೆ ಹೋಗುತ್ತಾರೆ ಎಂದು ಅವರ ಮನೆತನದ ನಂಬಿಕೆ. ಅದಕ್ಕೇ ಕನ್ನಪ್ಪ ಮುಖ ಆಚೆ ತಿರುಗಿಸಿಕೊಂಡು, ನಾನು ಹೊಲಿದುಕೊಟ್ಟ ಕೆಂಪು ಬಟ್ಟೆಯನ್ನು ಅದಕ್ಕೆ ಹೊದಿಸಿಬಿಡುತ್ತಾನೆ.

ಈ ವರ್ಷ ಕಾಲೇಜೊಂದರಿಂದ ಗೌತಮ್ ಎಂಬ ಸಂಶೋಧಕ ಬಂದ. ಕೆತ್ತನೆಗಳ ಉಬ್ಬು ತಗ್ಗುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಿದ್ದ. ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲು ಕುಮುದಾಳನ್ನೇ ಸ್ಟೂಲಿನ ಮೇಲೆ ಕೂರಿಸಿ ಅವಳ ಮುಖ ತೆಗೆದುಕೊಂಡ. ಆಮೇಲೆ ಮಾರಿಗೊಂಬೆಯ ಬಟ್ಟೆ ಎತ್ತಿದ. "ನೋಡಬಾರದು ಅನ್ನೋದು ನಂಗೆ, ನಿಮಗಲ್ಲ" ಎಂದು ಕನ್ನಪ್ಪ ಎಲೆ ಅಡಿಕೆ ಹಾಕಿಕೊಂಡು ಹೊರಗೆ ನಿಂತ. ತುಂಗೆಯ ದಡದ ಬಿದಿರುಮೆಳೆಯಲ್ಲಿ ಸಿಕ್ಕಿಬಿದ್ದಿದ್ದ ಹಳೆಯ ಗೊಂಬೆಗಳನ್ನೂ ಆ ಪುಣ್ಯಾತ್ಮ ಹುಡುಕಿಕೊಂಡು ಹೋಗಿ ಸ್ಕ್ಯಾನ್ ಮಾಡಿದ.

ಗೊಂಬೆ ನಮ್ಮ ಗಡಿ ದಾಟಿದ ಮಾರನೆಯ ವಾರ ಗೌತಮ್ ಲ್ಯಾಪ್‌ಟಾಪ್ ಹಿಡಿದು ಬಂದ. ಒಂದರಂತೊಂದಿರುವ ಮುಖಗಳನ್ನು ಯಂತ್ರವೇ ಗುರುತಿಸಿದೆ ಎಂದ.

"ಹೆಸರು ಹೇಳದೆ ಅದಕ್ಕೆ ಹೆಂಗೆ ಗುರುತು ಸಿಗ್ತದೆ ಮಾರಾಯ್ರೆ?" ಎಂದು ಕನ್ನಪ್ಪ ಕೇಳಿದ.

"ನಾವು ಏನೂ ಕಲಿಸೋದಿಲ್ಲ. ಆಕಾರ ನೋಡಿ ತಾನೇ ಗುಂಪು ಮಾಡ್ಕೊಳ್ತದೆ. ಒಂದನ್ನು ತೋರಿಸಿದ್ರೆ ಅದರಂಥವನ್ನೆಲ್ಲ ಹುಡುಕಿ ತರ್ತದೆ."

ನಾನು ಬಟ್ಟೆಯ ಚೂರುಗಳನ್ನು ಗುಡ್ಡೆ ಹಾಕಿದಂತೆ, ಅಷ್ಟೇ ಎಂದುಕೊಂಡೆ. ಪರದೆಯ ಮೇಲಿರುವುದು ಗೊಂಬೆಯಲ್ಲವಲ್ಲ ಎಂಬ ಧೈರ್ಯದಲ್ಲಿ ಕನ್ನಪ್ಪ ಬಗ್ಗಿ ನೋಡಿದ. ಅಲ್ಲೇ ತಪ್ಪಿದ.

ಹಳೆಯ ಗೊಂಬೆಗಳ ಒಂದು ಗುಂಪು ತೆರೆಯಿತು. ನಾಲ್ಕಾರು ಮುಖ, ಎಲ್ಲವೂ ಜಲಜಮ್ಮನವು. ಅದೇ ಅಗಲ ಕೆನ್ನೆ, ಅದೇ ಗಿಡ್ಡ ಗದ್ದ. ಬುಡದಲ್ಲಿ ಕೆತ್ತಿದ್ದ ಇಸವಿ ನೋಡಿದರೆ, ಅವಳು ಸತ್ತ ಬೇಸಿಗೆಯ ಗೊಂಬೆಯೂ ಅದರಲ್ಲಿತ್ತು. ಗೌತಮ್‌ಗೆ ಇದೇನೂ ತಿಳಿಯದು. ಅವನು ಉತ್ಸಾಹದಲ್ಲಿ ಈ ವರ್ಷದ ಗೊಂಬೆಯನ್ನು ತೋರಿಸಿ, ಇದರಂಥದ್ದನ್ನು ತಾ ಎಂದ. ಯಂತ್ರ ಕುಮುದಾಳನ್ನು ತಂದಿತು.

ಕನ್ನಪ್ಪ ಎದ್ದು ಬಾಗಿಲ ತನಕ ಹೋದ, ಮತ್ತೆ ಒಳಗೆ ಬಂದ. ಗೊಂಬೆ ಆಗಲೇ ಹೊಸನಗರದ ಹಾದಿಯಲ್ಲಿತ್ತು. ನಾನು ಸುಮ್ಮನಿರಲಾರದೆ, "ಕಬ್ಬಿಣದ ಡಬ್ಬಿ ಮಾತು ಕಟ್ಕೊಂಡು ಹೆದರ್ತೀಯ?" ಎಂದು ಬೈದೆ. ನನಗೂ ಹೆದರಿಕೆಯಾಗಿತ್ತು. ಕೊನೆಗೆ ಅವನು ಸ್ಟೂಲಿನ ಮೇಲೆ ತಾನೇ ಹೋಗಿ ಕುಳಿತ.

"ನನ್ನನ್ನೂ ಒಂದ್ಸಲ ಅದಕ್ಕೆ ತೋರ್ಸಿ."

ಗೌತಮ್ ಅವನ ಮುಖವನ್ನೂ ಸ್ಕ್ಯಾನ್ ಮಾಡಿ ತೋರಿಸಿದ. ಯಂತ್ರ ಮೊದಲು ಈ ವರ್ಷದ ಗೊಂಬೆಯನ್ನು ತಂದಿತು, ಆಮೇಲೆ ಕುಮುದಾಳನ್ನು.

"ಅಪ್ಪ ಮಗಳ ಮುಖದ ಮೂಳೆ ಒಂದೇ. ಮೂರೂ ಒಂದೇ ಗುಂಪು. ಅದಕ್ಕಿಂತ ಹೆಚ್ಚು ಇದು ಹೇಳೋದಿಲ್ಲ" ಎಂದ ಗೌತಮ್.

ಕನ್ನಪ್ಪನ ಮುಖ ಅರಳಿತು. "ಹಂಗಾದ್ರೆ ಗಡಿ ದಾಟಿದ್ದು ನಾನು. ಅವಳಲ್ಲ. ನನ್ನ ಮುಖ ತೋರ್ಸಿದಾಗ ಅದು ಮೊದಲು ತಂದಿದ್ದು ಗೊಂಬೇನೇ ಅಲ್ವಾ?"

ಮೂರು ಕಾಲಿನ ಮೊಲ ಅವತ್ತು ನನಗೂ ಬೇಕಾಗಿತ್ತು. ಹೌದು ಎಂದೆ.

ಆಮೇಲೆ ಅವನು ಮದುವೆಗೆ ಹೊರಟವನ ಹಾಗೆ ಓಡಾಡಿದ. ಮನೆಯನ್ನು ಮಗಳ ಹೆಸರಿಗೆ ಮಾಡಿಸಿದ. ಉಳಿಗಳ ಹಿಡಿಗಳನ್ನೆಲ್ಲ ಅವಳ ಕೈಗೆ ಹೊಂದುವಂತೆ ಬದಲಿಸಿದ. ದಿನಾ ಅವರಿವರಿಗೆ ಫೋನ್ ಮಾಡಿ ಗೊಂಬೆ ಎಲ್ಲಿಗೆ ಮುಟ್ಟಿತೆಂದು ಕೇಳುತ್ತಿದ್ದ. ನಿನ್ನೆ ಸಂಜೆ ಸುದ್ದಿ ಬಂತು. ತುಂಗೆಯ ದಡ ಸೇರಿದೆಯಂತೆ. ಅವನು ಅಚ್ಚುಕಟ್ಟಾಗಿ ಕ್ಷೌರ ಮಾಡಿಸಿಕೊಂಡು ಬಂದ.

ಇವತ್ತು ಬೆಳಿಗ್ಗೆ ಕುಮುದಾ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತಳು. ಕಣ್ಣು ಕೆಂಪಾಗಿದ್ದವು.

"ಮಾವ, ರಾತ್ರಿಯಿಂದ ತಲೆ ಸಿಡೀತಾ ಇದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ? ಅಪ್ಪಂಗೆ ಹೇಳ್ಬೇಡಿ, ಪಾಪ, ಈಗೀಗ ಖುಷಿಯಾಗಿದ್ದಾನೆ."

ಹಣೆ ಮುಟ್ಟಿದೆ. ಕಾದ ಹೆಂಚು. ಹಲಗೆಯ ಆಚೆ ಕನ್ನಪ್ಪ ಏನೋ ಗುನುಗುತ್ತಾ ಅವಳಿಗಾಗಿ ಉಳಿ ಮಸೆಯುತ್ತಿದ್ದ.