ಜಾತೋರ್ ದೊರೆ ಬರೆಸಿಕೊಂಡ ಒಂದು ಸಾಲು

ಬಿ.ಎ.ಯಲ್ಲಿ ನಾನು ಚರಿತ್ರೆ ಓದಿದೆ. ನಮ್ಮೂರು ಕೋಗಿಲಿನಿಂದ ಯಲಹಂಕಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಕಲಿತದ್ದು ಈಗಿನ ಪೋಲೆಂಡಿನಲ್ಲಿರುವ ಜಾತೋರ್ ಎಂಬ ಅಂಗೈಯಗಲದ ಸಂಸ್ಥಾನದ ಕತೆ. ಪಾಠ ಹೇಳುವವರಿಗೆ ಅದರ ಮೇಲೆ ಅದೇನು ಮೋಹವೋ. ಅಪ್ಪನ ರಾಜ್ಯವನ್ನು ಅಣ್ಣತಮ್ಮಂದಿರು ಮೂರು ಪಾಲು ಮಾಡಿಕೊಂಡಾಗ ಹುಟ್ಟಿದ ಸಂಸ್ಥಾನವದು. ಮುಂದಿನ ತಲೆಮಾರಿನವರು ಅದನ್ನೂ ಹೊಳೆಯ ಆಚೆಗೊಂದು ಈಚೆಗೊಂದು ಎಂದು ಹರಿದು ಹಂಚಿಕೊಂಡರು. ಕೊನೆಯ ದೊರೆ ಪೋಲೆಂಡಿನ ರಾಜನಿಗೆ ಮಾರಿಯೇಬಿಟ್ಟ. ಆದರೆ ಒಂದು ಮಾತು ಬರೆಸಿಕೊಂಡ: ತಾನು ಬದುಕಿರುವವರೆಗೆ ಅಲ್ಲಿಗೆ ತಾನೇ ದೊರೆ.

ನಮ್ಮ ಮನೆಯಲ್ಲೂ ಅಣ್ಣಂದಿರು ಮೂವರು. ಅವ್ವ ಸತ್ತ ವರ್ಷವೇ ಹೊಲ ಪಾಲಾಯಿತು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅವ್ವನನ್ನು ಹೂತ ಗುಡ್ಡೆ ಇದ್ದ ತುಂಡು ನಡುವಣ್ಣನಿಗೆ ಬಂತು. ಅವಳ ಪಕ್ಕದಲ್ಲಿ ತನಗೂ ಜಾಗ ಬೇಕು ಎನ್ನುವುದೊಂದೇ ಅಪ್ಪನ ಆಸೆ.

ಸ್ವಲ್ಪ ದಿನಕ್ಕೆ ನಡುವಣ್ಣ ಆ ತುಂಡನ್ನು ಪೇಟೆಯ ಸಾಹುಕಾರನೊಬ್ಬನಿಗೆ ದ್ರಾಕ್ಷಿ ತೋಟಕ್ಕೆಂದು ಮಾರಲು ಹೊರಟ. ಉಳಿದಿಬ್ಬರು ತಮ್ಮ ಪಾಲಿಗೂ ಗಿರಾಕಿ ಹುಡುಕುತ್ತಿದ್ದರು. ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ನಾನು ಜಾತೋರಿನ ಕತೆಯನ್ನು ಪೂರ್ತಿ ಹೇಳಿ, ಗುಡ್ಡೆಯ ಜಾಗವನ್ನು ಕ್ರಯಪತ್ರದಲ್ಲಿ ಬರೆಸಿ ಬಿಡಿಸಿಕೊಳ್ಳಿ ಎಂದೆ. ಅಣ್ಣಂದಿರು ನಕ್ಕರು. ಅಪ್ಪನಿಗೆ ಸಿಟ್ಟು ಬಂತು.

"ಸ್ವಂತ ಮಕ್ಕಳ್ ತಾವ ಬರೆಸ್ಕೊಳ್ಳೋ ಅಷ್ಟು ನಾನಿನ್ನೂ ಕೆಟ್ಟಿಲ್ಲ ಕಣವ್ವ."

ಇದು ನಮ್ಮವರ ರೋಗ. ಬದುವಿನ ಗೇಣು ಜಾಗಕ್ಕೆ ಪಕ್ಕದ ಹೊಲದವನನ್ನು ಕೋರ್ಟಿಗೆ ಎಳೆಯುತ್ತಾರೆ. ಮಕ್ಕಳಿಂದ ಒಂದು ಸಾಲು ಬರೆಸಿಕೊಳ್ಳುವುದೆಂದರೆ ಮಾನ ಹೋದಂತೆ. ಸಾಹುಕಾರನಿಗೆ ಬಾಯಿಮಾತಲ್ಲಿ ಹೇಳಿದ್ದೇನೆ ಎಂದು ನಡುವಣ್ಣ ಹೇಳಿದ. ಅಪ್ಪ ಅದನ್ನೇ ನಂಬಿದ.

ಅಪ್ಪ ಸತ್ತ ದಿನ ಸಾಹುಕಾರನ ತೋಟದ ಗೇಟು ತೆಗೆಯಲಿಲ್ಲ. ಬಳ್ಳಿ ಹೂ ಬಿಡುವ ಕಾಲ, ಹೆಣ ಒಳಗೆ ಬರಕೂಡದು ಎಂದು ತೋಟದ ಮೇಸ್ತ್ರಿ ಅಡ್ಡ ನಿಂತ. ಹೂಳೋಕೆ ಜಾಗ ಬಿಟ್ಟಿದೆ ಅಂತ ಪತ್ರದಲ್ಲಿ ಎಲ್ಲಿದೆ, ತೋರಿಸಿ ಎಂದ. ತಂತಿಬೇಲಿಯ ಆಚೆ ಅವ್ವನ ಗುಡ್ಡೆಯ ಮೇಲೇ ಚಪ್ಪರದ ಕಲ್ಲುಕಂಬ ನೆಟ್ಟಿದ್ದರು. ಉಳಿದಿಬ್ಬರ ತುಂಡುಗಳೂ ಅಷ್ಟರಲ್ಲಿ ಮಾರಾಟವಾಗಿದ್ದವು. ಹೆಣವನ್ನು ಅಲ್ಲಿಂದ ತಿರುಗಿಸಿಕೊಂಡು ಹೋಗಿ, ಕೆರೆಯ ಪಕ್ಕ ದಿಕ್ಕಿಲ್ಲದವರನ್ನು ಹೂಳುವ ಕಡೆ ಅಪ್ಪನನ್ನು ಹೂತು ಬಂದರು.

ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾನು ನೀರು ಕೊಡುತ್ತಿದ್ದೆ. ನಡುವಣ್ಣ ಚೆಂಬು ವಾಪಸು ಕೊಡುತ್ತಾ, ನೆಂಟರಿಗೆಲ್ಲ ಕೇಳುವ ಹಾಗೆ ಅಂದ:

"ಮನೇಲಿ ಓದ್ದೋಳು ನೀನೊಬ್ಳೆಯ. ಇಂಗಾಯ್ತದೆ ಅಂತ ಒಂದ್ ಮಾತು ಯೋಳ್ಬಾರ್ದಾಗಿತ್ತಾ?"

ಉಳಿದಿಬ್ಬರು ಹೌದೆಂದು ತಲೆಯಾಡಿಸಿದರು.