ಇಸ್ತ್ರಿ ಅಮ್ಮನಿಗೆ ನಾನು ಕೇಳಿದ ಏಳು ಪ್ರಶ್ನೆ

ಕಳೆದ ತಿಂಗಳು ಹೊಸಹಳ್ಳಿಯಲ್ಲಿ ಮೆಟ್ರೋ ಇಳಿದು ನಡೆಯುತ್ತಿದ್ದಾಗ ಒಂದು ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಪೆಟ್ಟಿಗೆ ಓಡಿದಾಗ ಏಳುವ ವಾಸನೆ. ಅರ್ಧ ಹಬೆ, ಅರ್ಧ ಬೂದಿ. ರಸ್ತೆಯ ಮೂಲೆಯಲ್ಲಿ ಒಬ್ಬ ವಯಸ್ಸಾದವರು ಪಂಚೆಯೊಂದನ್ನು ಹರಡಿಕೊಂಡು ಇಸ್ತ್ರಿ ಮಾಡುತ್ತಿದ್ದರು. ನಾನು ನಿಂತೇ ಇದ್ದುದನ್ನು ನೋಡಿ, “ಬಟ್ಟೆ ಇದ್ಯೇನಮ್ಮಾ?” ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಆದರೆ ಕಾಲು ಮುಂದಕ್ಕೆ ಹೋಗಲಿಲ್ಲ...

ಎಷ್ಟೋ ವರ್ಷಗಳ ಹಿಂದಿನ ಮಾತು. ಬಸವೇಶ್ವರನಗರದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ನಾನು ಆಗಷ್ಟೇ ಫಿಸಿಯೋಥೆರಪಿಸ್ಟ್ ಆಗಿ ಸೇರಿದ್ದೆ. ಎದುರಿಗೆ ಹೊಂಗೆ ಮರ, ಅದರ ಕೆಳಗೆ ಇಸ್ತ್ರಿ ಅಮ್ಮನ ತಳ್ಳುಗಾಡಿ. ದಿನಾ ಬೆಳಿಗ್ಗೆ ಸುಂಕದಕಟ್ಟೆಯಿಂದ ಗಂಡ ಹೆಂಡತಿ ಬಸ್ಸಿನಲ್ಲಿ ಬರುತ್ತಿದ್ದರು. ಗಂಡ ಮನೆಮನೆಗೆ ಹೋಗಿ ಬಟ್ಟೆಯ ಗಂಟು ತರುತ್ತಿದ್ದರು, ಇವರು ನಿಂತ ಕಾಲಿನಲ್ಲೇ ಸಂಜೆಯವರೆಗೆ ಇಸ್ತ್ರಿ ಮಾಡುತ್ತಿದ್ದರು. ಐವತ್ತು ದಾಟಿದ ವಯಸ್ಸು, ಸಣಕಲು ಮೈ, ಆ ಮೈಗೆ ಹೊಂದದಷ್ಟು ಗಟ್ಟಿ ದನಿ. ನನ್ನ ಬಿಳಿ ಕೋಟಿನ ಕಾಲರನ್ನು ಅವರಷ್ಟು ಚೆಂದವಾಗಿ ಯಾರೂ ಕೂರಿಸುತ್ತಿರಲಿಲ್ಲ. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ “ಡಾಕ್ಟ್ರಮ್ಮ” ಎಂದೇ ಕರೆಯುತ್ತಿದ್ದರು. “ಕೋಟು ನಾನೇ ಇಸ್ತ್ರಿ ಮಾಡ್ತೀನಲ್ಲ, ನಂಗೊತ್ತಿಲ್ವಾ ಯಾರ್ದು ಅಂತ!”

ಒಂದು ದಿನ ಅವರೇ ಕ್ಲಿನಿಕ್ಕಿಗೆ ಬಂದರು. ಬಲ ಭುಜದಲ್ಲಿ ನೋವು, ಕೈ ಮೇಲೆತ್ತಲು ಆಗುತ್ತಿಲ್ಲ. ಜೊತೆಗೆ ಮಗಳಿದ್ದಳು, ಆಗ ಇನ್ನೂ ಪಿಯುಸಿ ಓದುತ್ತಿದ್ದ ಹುಡುಗಿ.

ಭುಜದ ನೋವು ಎಂದು ಬರುವ ಎಲ್ಲರಿಗೂ ಒಂದು ಪ್ರಶ್ನಾವಳಿ ತುಂಬಿಸಬೇಕೆಂದು ನಮ್ಮ ಹಿರಿಯ ಡಾಕ್ಟರು ಆಗಷ್ಟೇ ಹೇಳಿದ್ದರು. ನೋವು ಕೀಲಿನದೋ, ನರದ್ದೋ ಎಂದು ತಿಳಿಯಲು ಅದು ಸುಲಭದ ದಾರಿ. ಏಳು ಪ್ರಶ್ನೆ, ಹೌದು ಅಥವಾ ಇಲ್ಲ. ‘ಹೌದು’ ಹೆಚ್ಚಾದರೆ ನರದ ಕಡೆ ನೋಡಬೇಕು, ಡಾಕ್ಟರ ಹತ್ತಿರ ಕಳಿಸಬೇಕು. ಕಡಿಮೆಯಾದರೆ ವ್ಯಾಯಾಮ ಶುರು ಮಾಡಬಹುದು. ಕನ್ನಡಕ್ಕೆ ಅದನ್ನು ಯಾರು ತಂದಿದ್ದರೋ ಗೊತ್ತಿಲ್ಲ. ‘ವಿದ್ಯುದಾಘಾತದಂತಹ ಅನುಭವವಾಗುತ್ತದೆಯೇ?’ ಎಂದೆಲ್ಲ ಇತ್ತು. ನಾನೇ ಸುಲಭ ಮಾಡಿ ಕೇಳಿದೆ.

“ಉರಿ ಇದ್ಯಾ ಅಮ್ಮ? ಸುಟ್ಟಂಗೆ?”

“ಅಯ್ಯೋ, ನಾನ್ ಕೈ ಸುಟ್ಕೊಂಡು ಎಷ್ಟೋ ವರ್ಷ ಆಯ್ತು. ಕೆಲ್ಸ ಕಲಿಯೋವಾಗ ಸುಟ್ಕೋತಿದ್ದೆ.”

‘ಇಲ್ಲ’ ಎಂದು ಗುರುತು ಹಾಕಿದೆ.

“ಕರೆಂಟ್ ಹೊಡ್ದಂಗೆ ಆಗುತ್ತಾ?”

“ನಮ್ದು ಇದ್ಲು ಪೆಟ್ಗೆ ಡಾಕ್ಟ್ರಮ್ಮ. ಕರೆಂಟ್ ಎಲ್ಲಿಂದ ಬರ್ಬೇಕು?”

ಮಗಳು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಮತ್ತೊಂದು ‘ಇಲ್ಲ’. ಜೋಮು ಹಿಡಿಯುತ್ತದೆಯೇ ಎಂದರೆ ನಿಂತೂ ನಿಂತೂ ಕಾಲು ಹಿಡಿಯುತ್ತದೆ ಎಂದರು. ನಾನು ಕೇಳುತ್ತಿದ್ದುದು ಕೈಯ ಬಗ್ಗೆ, ಹಾಗಾಗಿ ಅದೂ ಇಲ್ಲ. ಹೊರಗೆ ಬೆಂಚಿನ ಮೇಲೆ ನಾಲ್ಕೈದು ಜನ ಕಾಯುತ್ತಿದ್ದರು. ಏಳಕ್ಕೆ ಏಳೂ ‘ಇಲ್ಲ’ ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಭುಜದ ಕೀಲು ಬಿಗಿದುಕೊಂಡಿದೆ, ಇಸ್ತ್ರಿ ಮಾಡುವವರಿಗೆ ಇದು ಮಾಮೂಲು ಎಂದುಕೊಂಡೆ. ಡಾಕ್ಟರು ನನ್ನ ಹಾಳೆಯನ್ನು ನೋಡಿ ಒಪ್ಪಿದರು.

ಸುಮಾರು ಎರಡು ತಿಂಗಳು ಅವರು ಬಂದರು. ಬಿಸಿ ಶಾಖ ಕೊಟ್ಟು ವ್ಯಾಯಾಮ ಮಾಡಿಸುತ್ತಿದ್ದೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದನ್ನು ಕಲಿಸಿ, ಮನೆಯಲ್ಲೂ ಬಿಡದೆ ಮಾಡಿ ಎಂದೆ. ನೋವಾದರೂ ಬಿಡಬಾರದು ಎಂದೂ ಹೇಳಿದೆ. ಆ ಮಾತು ಹೇಳಿದ್ದು ಚೆನ್ನಾಗಿ ನೆನಪಿದೆ. ನಡುವೆ ಒಮ್ಮೆ ಅವರ ಬಲಗಣ್ಣಿನ ರೆಪ್ಪೆ ಸ್ವಲ್ಪ ಜೋತುಬಿದ್ದಂತೆ ಕಂಡಿತ್ತು. ನಿದ್ದೆಗೆಟ್ಟಿರಬೇಕು ಎಂದುಕೊಂಡು ಸುಮ್ಮನಾದೆ...

ಆಮೇಲೆ ಒಂದು ಮಧ್ಯಾಹ್ನ ಕೋಟು ತರಲು ಗಾಡಿಯ ಹತ್ತಿರ ಹೋದಾಗ ಅವರ ಗಂಡ ಯಾರದೋ ಬಿಳಿ ಶರ್ಟನ್ನು ಹಿಡಿದುಕೊಂಡು ಕಂಗಾಲಾಗಿ ನಿಂತಿದ್ದರು. ಶರ್ಟಿನ ಬೆನ್ನಿನ ಮೇಲೆ ಪೆಟ್ಟಿಗೆಯ ಆಕಾರದ ಕಂದು ಗುರುತು. “ಇಷ್ಟು ವರ್ಷದಲ್ಲಿ ಒಂದಿನ ಹಿಂಗಾಗಿಲ್ಲ ಮೇಡಂ,” ಎಂದರು. ಇಸ್ತ್ರಿ ಅಮ್ಮ ಮರದ ಬುಡದಲ್ಲಿ ಕೂತಿದ್ದರು. ಬಲಗೈಯ ಕಿರುಬೆರಳ ಪಕ್ಕಕ್ಕೆ ಉದ್ದಕ್ಕೂ ಬೊಬ್ಬೆ ಎದ್ದಿತ್ತು.

“ಪೆಟ್ಗೆಗೆ ಕೈ ತಾಕಿದ್ದು ಗೊತ್ತೇ ಆಗ್ಲಿಲ್ಲ ಡಾಕ್ಟ್ರಮ್ಮ.”

ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕೈಯಲ್ಲಿ ಹಾಳೆ ಇರಲಿಲ್ಲ, ಪೆನ್ನೂ ಇರಲಿಲ್ಲ. “ಅಮ್ಮ, ನೋವು ಹೆಂಗಿರುತ್ತೆ? ನೀವೇ ಹೇಳಿ,” ಎಂದೆ.

ಅವರು ಹೇಳತೊಡಗಿದರು. ಭುಜದಲ್ಲಿ ಯಾರೋ ಕೆಂಡ ಇಟ್ಟು ಮುಚ್ಚಿದ ಹಾಗೆ. ಕಂಕುಳಿನಿಂದ ಕಿರುಬೆರಳಿನ ತುದಿಯವರೆಗೆ ಚಳಕ್ ಎಂದು ಮಿಂಚು ಹೋಗುತ್ತದೆ. ಒಳಗೆ ಇರುವೆ ಗೂಡು ಕಟ್ಟಿ ಓಡಾಡಿದ ಹಾಗೆ. ಸೆರಗು ತಾಕಿದರೂ ತಡೆಯಲಾಗುವುದಿಲ್ಲ, ಅದಕ್ಕೇ ಈಗ ಸೆರಗನ್ನು ಆ ಕಡೆಯಿಂದ ಸುತ್ತಿ ಹೊದೆಯುವುದಿಲ್ಲ. ಎರಡು ಬೆರಳು ತನ್ನವೇ ಅಲ್ಲವೇನೋ ಅನ್ನಿಸುತ್ತದೆ... ಕೇಳುತ್ತ ಕೇಳುತ್ತ ನನ್ನ ಏಳು ಪ್ರಶ್ನೆಗಳಿಗೂ ಒಂದೊಂದಾಗಿ ‘ಹೌದು’ ಬಂದುಬಿಟ್ಟಿತು.

“ಇದನ್ನೆಲ್ಲ ಅವತ್ತೇ ಯಾಕಮ್ಮ ಹೇಳ್ಲಿಲ್ಲ?”

ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿದರು. “ನೀವು ಕೇಳಿದ್ದು ಬೇರೆ ಅಲ್ವಾ?”

ಅವತ್ತೇ ಅವರನ್ನು ಡಾಕ್ಟರ ಮುಂದೆ ಕೂರಿಸಿದೆ. ಎಕ್ಸ್‌ರೇ, ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್. ಶ್ವಾಸಕೋಶದ ತುತ್ತತುದಿಯಲ್ಲಿ ಗಡ್ಡೆ ಬೆಳೆದು, ಕೈಗೆ ಹೋಗುವ ನರಗಳನ್ನು ಒತ್ತುತ್ತಿತ್ತು. ಕ್ಯಾನ್ಸರ್. ರೆಪ್ಪೆ ಜೋತುಬಿದ್ದದ್ದೂ ಅದರಿಂದಲೇ. ಭುಜದ ಕೀಲಿನಲ್ಲಿ ಮೊದಲಿನಿಂದಲೂ ಅಂಥ ತೊಂದರೆ ಏನೂ ಇರಲಿಲ್ಲ.

ಚಿಕಿತ್ಸೆ ಶುರುವಾದ ಮೇಲೆ ಸುಂಕದಕಟ್ಟೆಯ ಅವರ ಮನೆಗೆ ಒಂದು ಸಲ ಹೋಗಿದ್ದೆ. ಒಂದೇ ಕೋಣೆಯ ಮನೆ. ಚಾಪೆಯ ಮೇಲೆ ಮಲಗಿದ್ದವರು ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲ್ಲಿನ ಗೆರೆಗಳಿದ್ದವು. ಸೊಂಟದ ಮಟ್ಟದಿಂದ ಒಂದರ ಮೇಲೊಂದು, ಹತ್ತಿರ ಹತ್ತಿರ. ದಿನಾ ಬೆರಳು ಎಲ್ಲಿಯವರೆಗೆ ಹತ್ತಿತು ಎಂದು ಮಗಳ ಕೈಯಲ್ಲಿ ಗುರುತು ಹಾಕಿಸಿದ್ದರು. ಕೆಂಡ ಇಟ್ಟಂಥ ನೋವಿನಲ್ಲಿ, ದಿನವೂ...

“ಬಿಡ್ಬಾರ್ದು ಅಂದಿದ್ರಲ್ಲ ನೀವು. ನಾನ್ ಒಂದಿನಾನೂ ಬಿಟ್ಟಿಲ್ಲ,” ಎಂದರು. ಆ ದನಿಯಲ್ಲಿ ದೂರು ಇರಲಿಲ್ಲ. ಮನೆಪಾಠ ತೋರಿಸುವ ಮಗುವಿನ ಹೆಮ್ಮೆಯಿತ್ತು. ತಪ್ಪು ನನ್ನದು ಎಂದು ಹೇಳಲೆಂದೇ ಹೋಗಿದ್ದೆ. ಮಗಳು ಕಾಫಿ ತಂದುಕೊಟ್ಟಳು. ಕುಡಿದು, ಏನೂ ಹೇಳದೆ ಎದ್ದು ಬಂದೆ.

ಅವರು ಹೆಚ್ಚು ದಿನ ಉಳಿಯಲಿಲ್ಲ. ಸುದ್ದಿ ತಿಳಿದದ್ದು ಮೂರು ದಿನ ಬಿಟ್ಟು. ಹೊಂಗೆ ಮರದ ಕೆಳಗೆ ಗಾಡಿ ಕೆಲವು ವಾರ ಟಾರ್ಪಾಲು ಹೊದ್ದು ನಿಂತಿತ್ತು, ಆಮೇಲೆ ಅದೂ ಕಾಣಲಿಲ್ಲ.

ಈಗ ವಿಜಯನಗರದಲ್ಲಿ ನನ್ನದೇ ಚಿಕ್ಕ ಕ್ಲಿನಿಕ್ ಇದೆ. ಹೋದ ಸೋಮವಾರ ಅಲ್ಲಿಗೆ ಒಬ್ಬಳು ಹೆಂಗಸು ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆಗೆ ಭುಜದ ನೋವು. “ನಾನ್ ಯಾರು ಅಂತ ಗೊತ್ತಾಗ್ಲಿಲ್ವಾ ಮೇಡಂ?” ಎಂದಾಗ ಆ ಗಟ್ಟಿ ದನಿಯಲ್ಲೇ ಗುರುತು ಸಿಕ್ಕಿತು. ಇಸ್ತ್ರಿ ಅಮ್ಮನ ಮಗಳು. “ಅಮ್ಮ ಯಾವಾಗ್ಲೂ ಹೇಳ್ತಿದ್ರು, ನೀವು ತುಂಬಾ ಚೆನ್ನಾಗಿ ನೋಡ್ತೀರಾ ಅಂತ. ಅದಕ್ಕೇ ಹುಡುಕ್ಕೊಂಡು ಬಂದೆ.”

ಇನ್ನು ಸುಮ್ಮನಿರಲು ಆಗಲಿಲ್ಲ. ಅತ್ತೆಯನ್ನು ಒಳಗೆ ಕೂರಿಸಿ, ಅವಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಏಳು ‘ಇಲ್ಲ’ಗಳನ್ನು. ನಕ್ಕಿದ್ದನ್ನು. ರೆಪ್ಪೆಯನ್ನು. ಅವಳು ಅಲ್ಲಾಡದೆ ಕೇಳಿದಳು.

“ಆಗ್ಲೇ ಗೊತ್ತಾಗಿದ್ರೆ ಅಮ್ಮ ಉಳೀತಿದ್ರಾ?”

“ಗೊತ್ತಿಲ್ಲಮ್ಮ. ಉಳೀತಿರ್ಲಿಲ್ಲವೇನೋ. ಆದ್ರೆ ಎರಡು ತಿಂಗಳು ಅಷ್ಟು ನೋವು ತಿನ್ನೋದು ತಪ್ತಿತ್ತು.”

ಅವಳು ಅತ್ತೆ ಕೂತಿದ್ದ ಕೋಣೆಯ ಕಡೆ ತಿರುಗಿದಳು. ಅತ್ತೆಯನ್ನು ಎಬ್ಬಿಸಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಿದ್ದರೆ ನಾನು ತಡೆಯುತ್ತಿರಲಿಲ್ಲ.

“ನಮ್ಮತ್ತೆ ಜಾಸ್ತಿ ಮಾತಾಡಲ್ಲ ಮೇಡಂ,” ಎಂದಳು ಕೊನೆಗೆ. “ನಿಧಾನಕ್ಕೆ ಕೇಳಿ.”

ಅಷ್ಟು ಹೇಳಿ ಹೊರಗೆ ಹೋದಳು. ಗಾಜಿನ ಬಾಗಿಲಿನಾಚೆ ರಸ್ತೆಗೆ ಮುಖ ಮಾಡಿ ನಿಂತಿದ್ದಳು. ಅವಳ ಹೆಗಲು ಅದುರುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ಒಳಗೆ ಹೋಗಿ ಆ ಅಜ್ಜಿಯ ಎದುರು ಸ್ಟೂಲು ಎಳೆದುಕೊಂಡು ಕೂತು, ಅವರು ಬಾಯಿಬಿಡುವವರೆಗೂ ಕಾದೆ.