ಕಲ್ಲಿಗೊಂದು ಲ್ಯಾಟಿನ್ ಸಾಲು

ಒಹಾಯೋದ ಆ ಹೈಸ್ಕೂಲಿನಲ್ಲಿ ವರ್ನಾ ಲಿಂಡ್‌ಕ್ವಿಸ್ಟ್ ಇಪ್ಪತ್ತೊಂಬತ್ತು ವರ್ಷ ಗಂಟಲು ಹರಿದುಕೊಂಡು ಲ್ಯಾಟಿನ್ ಕಲಿಸಿದ್ದಳು. ೧೯೫೮ರಲ್ಲಿ ಪ್ರಿನ್ಸಿಪಾಲ್ ಹ್ಯಾಸ್ಕಿನ್ಸ್ ವಿಷಯಗಳ ಪಟ್ಟಿಯಿಂದ ಲ್ಯಾಟಿನ್ನನ್ನೇ ಹೊಡೆದುಹಾಕಿ, ಅವಳನ್ನು ಟೈಪಿಂಗ್ ತರಗತಿಗೆ ಹಾಕಿದ.

"ಬೇಜಾರು ಮಾಡ್ಕೋಬೇಡಿ ಮಿಸ್. ಹುಡುಗರಿಗೆ ಈಗ ಬೇಕಾಗಿರೋದು ಭೌತಶಾಸ್ತ್ರ, ಸತ್ತ ಭಾಷೆ ಅಲ್ಲ" ಎಂದವನು, ಅವಳು ಬಾಗಿಲು ದಾಟುವಾಗ ಕರೆದು, "ಅಂದಹಾಗೆ, ಹೊಸ ವಿಜ್ಞಾನ ವಿಭಾಗದ ಕಟ್ಟಡಕ್ಕೆ ಹಾಕೋ ಕಲ್ಲಿಗೆ ಲ್ಯಾಟಿನ್‌ನಲ್ಲಿ ಒಂದು ಸಾಲು ಬರ್ಕೊಡಿ. ತೂಕ ಬರುತ್ತೆ" ಎಂದ.

ಬರೆದುಕೊಟ್ಟಳು: 'ಇದನ್ನು ಕಟ್ಟಿಸಿದವನ ತಲೆ ಟೊಳ್ಳು.'

ಉದ್ಘಾಟನೆಯ ದಿನ ಹ್ಯಾಸ್ಕಿನ್ಸ್ ಎದೆಯುಬ್ಬಿಸಿ ಆ ಲ್ಯಾಟಿನ್ ಸಾಲನ್ನು ಓದಿದ. ಸಭೆಯಲ್ಲಿ ಅವಳ ಹಳೆಯ ವಿದ್ಯಾರ್ಥಿಗಳೇ ನಲವತ್ತು ಜನ ಕೂತಿದ್ದರು. ಯಾರಾದರೂ ನಕ್ಕಾರೆಂದು ವರ್ನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವರು ಚಪ್ಪಾಳೆ ತಟ್ಟುತ್ತಿದ್ದರು.